ಅಂಗಳಕ್ಕೆ ಬಂದ ತಂಗಡಿ

ಮಾರೇನಹಳ್ಳಿಯು ಇಂದು ವಿಜಯನಗರದ ಬಡಾವಣೆಗಳ ನಡುವೆ ಹೆಸರನ್ನು ಮಾತ್ರ ಉಳಿಸಿಕೊಂಡಿರುವ ಹಳ್ಳಿ. ನಮ್ಮ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ, ಇಟ್ಟಿಗೆಚೂರುಗಳ ಮಧ್ಯೆ, ಒಂದು ತಂಗಡಿ ಗಿಡವಿದ್ದಿತು. ಆವರಿಕೆಯೆಂದರೂ ಅದೇ. ನೀರೆರೆದವರಿಲ್ಲ, ಗೊಬ್ಬರವಿಟ್ಟವರಿಲ್ಲ, ಆದರೂ ಮಳೆ ಕಳೆಯುವ ಹೊತ್ತಿಗೆ ಮೈತುಂಬ ಹೊನ್ನು ತೊಟ್ಟು ನಿಲ್ಲುತ್ತಿತ್ತು. ಇತ್ತ ನಾನು ಬಣ್ಣದ ಪೊಟ್ಟಣಕ್ಕೆ ಮರುಳಾಗಿ ತಂದು ಬಿತ್ತಿದ ರುಡ್ಬೆಕಿಯಾ ನಾಲ್ಕಾರು ಎಲೆ ಬಿಟ್ಟು ಕೊಳೆತುಹೋಯಿತು. ಅದನ್ನು ದೂರಲಾರೆ. ಅಮೆರಿಕದ ಹುಲ್ಲುಗಾವಲುಗಳಲ್ಲಿ ಅದೂ ತಂಗಡಿಯಂತೆ ಬಯಲಿನ ಹಳದಿ ಹೂವೇ.

ಮೂರು ವರ್ಷಗಳ ಹಿಂದೆ ನಿವೇಶನದ ಒಡೆಯರು ಮನೆ ಕಟ್ಟಿಸಲು ಮುಹೂರ್ತವಿರಿಸಿದರು. ಗುದ್ದಲಿಪೂಜೆಯ ಹಿಂದಿನ ದಿನ ಅವರ ಅಪ್ಪಣೆ ಪಡೆದು ನಾನೇ ಗುದ್ದಲಿ ಹಿಡಿದು ಹೊರಟೆ. ಎರಡಡಿ ಅಗೆದರೂ ತಾಯಿಬೇರಿನ ಕೊನೆ ಕಾಣಲಿಲ್ಲ. ಕಡಿದು ತಂದು ನೆಟ್ಟ ಗಿಡ ವಾರದೊಳಗೆ ಒಣಗಿತು.

“ತಂಗಡೀನ ಯಾರಾದ್ರೂ ಕಿತ್ತು ನೆಡ್ತಾರೇನೋ? ಕಾಯಿ ಬಿಡಿಸಿ ಬಿತ್ತು,” ಎಂದರು ನಮ್ಮ ತಾಯಿ. ಕನ್ನಡ ಎಂ.ಎ. ಈ ವಿಷಯದಲ್ಲಿ ನನಗೆ ಯಾವ ನೆರವನ್ನೂ ನೀಡಿರಲಿಲ್ಲ.

ಅದೃಷ್ಟವಶಾತ್ ರೆಂಬೆಗಳಲ್ಲಿ ಚಪ್ಪಟೆಯಾದ ಒಣಕಾಯಿಗಳಿದ್ದವು. ಬೀಜದ ಸಿಪ್ಪೆ ಬಲು ಗಟ್ಟಿ. ಬಿಸಿನೀರಿಗೆ ಹಾಕಿ ಒಂದು ರಾತ್ರಿ ನೆನೆಯಿಸಬೇಕು. ಬೇರಿಗೆ ಸ್ಥಳಾಂತರ ಒಗ್ಗದಾದ್ದರಿಂದ ಗಿಡ ನಿಲ್ಲಬೇಕಾದ ಜಾಗದಲ್ಲಿಯೇ ಬಿತ್ತುವುದು ಲೇಸು. ಬಿಸಿಲು ಧಾರಾಳವಾಗಿರಬೇಕು, ನೀರು ನಿಲ್ಲಬಾರದು. ಹನ್ನೆರಡು ಬೀಜಗಳಲ್ಲಿ ಐದು ಮೊಳೆತವು; ಎರಡನ್ನು ನನ್ನ ಪ್ರೀತಿಯ ನೀರೇ ಕೊಂದಿತು. ಉಳಿದ ಮೂರು ಈಗ ಆಳೆತ್ತರ ಬೆಳೆದಿವೆ. ಹೂವಿನ ಭರ ಇಳಿದ ಮೇಲೆ ತುದಿಗಳನ್ನು ಸವರಿದರೆ ಗಿಡ ಒತ್ತಾಗಿ ಚಿಗುರುತ್ತದೆ.

ಈ ಹೂವಿನಲ್ಲಿ ಮಕರಂದವಿಲ್ಲ, ಪರಾಗವುಂಟು. ಅದೂ ಸುಲಭವಾಗಿ ದೊರೆಯದು. ಪರಾಗಕೋಶದ ತುದಿಯ ಸಣ್ಣ ರಂಧ್ರದಿಂದಲೇ ಹೊರಬೀಳಬೇಕು. ಕಪ್ಪು ದುಂಬಿ ಹೂವನ್ನು ತಬ್ಬಿ ಝೇಂಕರಿಸುತ್ತದೆ. ಆ ನಡುಕಕ್ಕೆ ಪರಾಗ ಚಿಮ್ಮುತ್ತದೆ. ಬೆಳಗಿನ ಕಾಫಿಯ ವೇಳೆಗೆ ಈ ಸಂಗೀತ ನಮಗೆ ನಿತ್ಯ ಲಭ್ಯ.

ಮೊದಲ ಮಳೆಗಾಲದಲ್ಲಿ ಹಸಿರು ಕಂಬಳಿಹುಳುಗಳು ಎಲೆಗಳನ್ನು ಬರಿದು ಮಾಡಿದವು. ನಮ್ಮ ಮನೆಯವರು ಬೇವಿನೆಣ್ಣೆ ಕಲಸಿ ತಂದರು. ಮಕ್ಕಳು ಅಡ್ಡ ನಿಂತರು. ಹುಳುಗಳು ಪೊರೆಕಟ್ಟಿ ತಿಳಿಹಸಿರು ಛಾಯೆಯ ಬಿಳಿ ಚಿಟ್ಟೆಗಳಾಗಿ ಹಾರಿದವು. ಗಿಡವೂ ಮತ್ತೆ ಚಿಗುರಿತು.

ಈ ಗಿಡದ ತೊಗಟೆಯಿಂದ ಹಿಂದೆ ಚರ್ಮ ಹದಮಾಡುತ್ತಿದ್ದರು. ತೆಲಂಗಾಣವು 2014ರಲ್ಲಿ ಇದನ್ನೇ ರಾಜ್ಯದ ಹೂವಾಗಿ ಆರಿಸಿಕೊಂಡಿತು. ಅಲ್ಲಿಯ ಬತುಕಮ್ಮ ಹಬ್ಬಕ್ಕೆ ತಂಗಡಿ ಇಲ್ಲದೆ ಆಗದು. ನಮ್ಮಲ್ಲಿ ಇನ್ನೂ ಇದು ರಸ್ತೆಬದಿಯ ಗಿಡ.

ಪಕ್ಕದ ಮನೆಯ ಗೃಹಪ್ರವೇಶವಾಗಿ ಈಗ ವರ್ಷವಾಯಿತು. ಮೊನ್ನೆ ಅಲ್ಲಿಯ ಯಜಮಾನತಿ ಮಹಡಿಯಿಂದ ಬಾಗಿ, “ಮೇಷ್ಟ್ರೇ, ಆ ಹಳದಿ ಹೂವಿನ ಬೀಜ ಎಲ್ಲಿ ತಂದಿರಿ?” ಎಂದು ಕೇಳಿದರು.