ಚೀಲವೂ ತುಂಬಬೇಕು, ಕಾಳಿನಲ್ಲಿ ಕಸುವೂ ಇರಬೇಕು

ಹೋದ ಹಿಂಗಾರಿಯಲ್ಲಿ ಒಂದು ಊರಿನ ಕಣದಲ್ಲಿ ಗೋದಿ ರಾಶಿ ನೋಡುತ್ತ ನಿಂತಿದ್ದೆ. ಬೆಳೆ ಚೆನ್ನಾಗಿ ಬಂದಿತ್ತು. ಚೀಲ ಎಣಿಸಿ ನಾನೂ ಸಂತೋಷಪಟ್ಟೆ. ಅಷ್ಟರಲ್ಲಿ ಆ ಮನೆಯ ಹಿರಿಯಮ್ಮ ಕೇಳಿದರು: "ಸಾಹೇಬ್ರ, ಚೀಲ ಏನೋ ಹೆಚ್ಚಾದುವು. ಹಿಂದಿನ ಗೋದಿಯೊಳಗಿನ ಕಸುವು ಇದರೊಳಗ ಐತೇನ್ರಿ?" ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಚೀಲದ ಲೆಕ್ಕವನ್ನೇ ಹೇಳಿಕೊಂಡು ಬಂದವರು ನಾವು. ಆ ತಾಯಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಕಸುವು ಎಂದರೆ ಇಲ್ಲಿ ಸಸಾರಜನಕ, ಅಂದರೆ ಪ್ರೋಟೀನು. ಮಕ್ಕಳ ಮೈ ಬೆಳೆಯುವುದು ಇದರಿಂದ. ಗೋದಿಯಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ 10ರಿಂದ 14 ಪಾಲು. ಉಳಿದದ್ದು ಹೆಚ್ಚಾಗಿ ಪಿಷ್ಟ. ಪಿಷ್ಟವನ್ನು ಗಿಡ ಗಾಳಿ, ನೀರು, ಬಿಸಿಲಿನಿಂದ ಮಾಡಿಕೊಳ್ಳುತ್ತದೆ. ಪ್ರೋಟೀನಿಗೆ ಮಾತ್ರ ಮಣ್ಣಿನ ಸಾರಜನಕ ಬೇಕು. ನೂರಕ್ಕೆ 12 ಪಾಲು ಪ್ರೋಟೀನಿರುವ ಒಂದು ಕ್ವಿಂಟಾಲ್ ಗೋದಿಯಲ್ಲಿ 2 ಕಿಲೋಗಿಂತ ತುಸು ಹೆಚ್ಚು ಸಾರಜನಕ ಅಡಗಿರುತ್ತದೆ. ಹತ್ತು ಕ್ವಿಂಟಾಲಿಗೆ 21 ಕಿಲೋ, ಇಪ್ಪತ್ತಕ್ಕೆ 42 ಕಿಲೋ ಬೇಕಾಯಿತು. ಇಳುವರಿ ಹೆಚ್ಚಿ ಸಾರಜನಕ ಹೆಚ್ಚದಿದ್ದರೆ ಏನಾದೀತು? ಹತ್ತು ಮಂದಿಯ ಸಾರಿಗೆ ನೀರು ಹಾಕಿ ಇಪ್ಪತ್ತು ಮಂದಿಗೆ ಬಡಿಸಿದ ಹಾಗೆ!

ಹಾಗೆಂದು ಬರೀ ಶೇಕಡಾ ನೋಡಿಯೂ ಮೋಸಹೋಗಬೇಡಿ. ನೀರು ಸಾಲದೆ ಮುರುಟಿದ ಕಾಳಿನಲ್ಲಿ ಪ್ರೋಟೀನಿನ ಶೇಕಡಾ ಹೆಚ್ಚಾಗಿಯೇ ಕಾಣುತ್ತದೆ. ಎಕರೆಗೆ 8 ಕ್ವಿಂಟಾಲ್, ಶೇಕಡಾ 14 ಆದರೆ ಸಿಕ್ಕಿದ ಪ್ರೋಟೀನು 112 ಕಿಲೋ. 12 ಕ್ವಿಂಟಾಲ್, ಶೇಕಡಾ 12 ಆದರೆ 144 ಕಿಲೋ. ಎರಡೂ ಲೆಕ್ಕ ಕೂಡಿಸಿ ನೋಡಬೇಕು.

ತಳಿ ವಿಜ್ಞಾನಿಗಳ ಕಷ್ಟವೂ ಇಲ್ಲೇ ಇದೆ. ಗೋದಿ ಹೂವು ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಆದ್ದರಿಂದ ಒಂದೊಂದು ಹೂವಿನ ಮೂರು ಪರಾಗಕೋಶಗಳನ್ನು ಅವು ಒಡೆಯುವ ಮೊದಲೇ ಚಿಮಟದಿಂದ ಕಿತ್ತು, ತೆನೆಗೆ ಕಾಗದದ ಚೀಲ ತೊಡಿಸುತ್ತಾರೆ. ಎರಡು ಮೂರು ದಿನ ಬಿಟ್ಟು ಇನ್ನೊಂದು ತಳಿಯ ಪರಾಗ ಸೋಕಿಸುತ್ತಾರೆ. ಮುಂದೆ ಸಾವಿರಾರು ಗಿಡಗಳಲ್ಲಿ ಇಳುವರಿಯೂ ಪ್ರೋಟೀನೂ ಎರಡೂ ಇರುವುದನ್ನು ಆರಿಸಬೇಕು. ಐದಾರು ಪೀಳಿಗೆ ಕಳೆದು ಗುಣ ನೆಲೆಗೊಂಡ ಮೇಲೆ ಊರೂರುಗಳಲ್ಲಿ ಪರೀಕ್ಷೆ. ಒಂದು ತಳಿಗೆ ಹತ್ತು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಪಶ್ಚಿಮ ಏಷ್ಯಾದಲ್ಲಿ ತಾನಾಗಿ ಬೆಳೆಯುವ ಒಂದು ಕಾಡುಗೋದಿ ಉಂಟು. ನಮ್ಮ ಸದಕ ಗೋದಿಯ ಮೂಲ ಅದೇ. ಎಲೆಯ ಸಾರಜನಕ, ಸತು, ಕಬ್ಬಿಣಗಳನ್ನು ಕಾಳಿಗೆ ಬೇಗ ಸಾಗಿಸುವ ಅದರ ವಂಶವಾಹಿಯೊಂದನ್ನು ವಿಜ್ಞಾನಿಗಳು 2006ರಲ್ಲಿ ಬಿಡಿಸಿ ತೋರಿಸಿದರು. ಆದರೆ ಎಲೆ ಬೇಗ ಹಣ್ಣಾದರೆ ಕಾಳು ಸಣ್ಣದಾಗುವ ಭಯವೂ ಇದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳದಂತೆ ತಳಿ ಕೂಡಿಸಬೇಕು.

ಮಳೆಯಾಶ್ರಿತ ಎರೆ ಹೊಲಕ್ಕೆ ಪುಣೆಯ ಆಗರ್ಕರ್ ಸಂಶೋಧನಾ ಸಂಸ್ಥೆಯವರು ತಯಾರಿಸಿದ ಎಂ.ಎ.ಸಿ.ಎಸ್. 4028 ಎಂಬ ಗಿಡ್ಡ ತಳಿ ಇದೆ. ಮಹಾರಾಷ್ಟ್ರ, ಕರ್ನಾಟಕಗಳಿಗೆ ಶಿಫಾರಸಾದದ್ದು. ಪ್ರೋಟೀನು ಸುಮಾರು ಶೇಕಡಾ 14.7, ಸರಾಸರಿ ಇಳುವರಿ ಹೆಕ್ಟೇರಿಗೆ 19 ಕ್ವಿಂಟಾಲಿನಷ್ಟು. ಸದಕ ಬೆಳೆಯುವವರಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿ.ಡಿ.ಕೆ. 1029 ಎಂಬ ಗಿಡ್ಡ ತಳಿ ಇದೆ.

ಬೀಜ ಒಳ್ಳೆಯದಾದರೆ ಸಾಲದು, ಹೊಲದಲ್ಲಿ ಸಾರಜನಕ ಇರಬೇಕು. ಒಣ ಬೇಸಾಯದವರು ಬಿತ್ತುವಾಗಲೇ ಗೊಬ್ಬರವನ್ನು ಹಸಿ ಮಣ್ಣಿಗೆ ಇಳಿಸಿರಿ. ನೀರಾವರಿಯವರು ಒಂದೇ ಸಲ ಸುರಿಯದೆ ಭಾಗಮಾಡಿ ಕೊಡಿರಿ. ಹೂವಿನ ಹೊತ್ತಿಗೆ ಸಿಕ್ಕ ಸಾರಜನಕ ಹೆಚ್ಚಾಗಿ ಕಾಳಿನ ಪ್ರೋಟೀನಿಗೆ ಹೋಗುತ್ತದೆ. ಪಾಳಿಯಲ್ಲಿ ಕಡಲೆಯಂಥ ಕಾಳಿನ ಬೆಳೆ ಇರಲಿ. ಬೆರಕೆಯಾಗದಂತೆ ಕಾದಿಟ್ಟ ಬೀಜವನ್ನು ಎರಡು ಮೂರು ವರ್ಷ ಬಿತ್ತಬಹುದು.

ಬೀಜ ಕೊಳ್ಳಲು ಹೋದಾಗ "ಎಕರೆಗೆ ಎಷ್ಟು ಚೀಲ?" ಎಂದು ಕೇಳಿಯೇ ಕೇಳುತ್ತೀರಿ. ಜೊತೆಗೆ ಆ ಹಿರಿಯಮ್ಮನ ಪ್ರಶ್ನೆಯನ್ನೂ ಕೇಳಿರಿ. ಚೀಲ ಪೇಟೆಗೆ ಹೋದೀತು. ರೊಟ್ಟಿ ನಿಮ್ಮ ಮಕ್ಕಳ ತಾಟಿಗೇ ಬರುವುದು.