ನೆರಿಗೆಯೊಳಗಿನ ಜ್ಯಾಮಿತಿ

ಮಗುವಿಗೆ ಕುಲಾವಿ ಹಾಕಿದವರಿಗೆ ಒಂದು ಲೆಕ್ಕ ಬೆರಳಲ್ಲೇ ಗೊತ್ತಿರುತ್ತದೆ. ನೆತ್ತಿಯಿಂದ ಶುರುಮಾಡಿ ಸುತ್ತು ಸುತ್ತಾಗಿ ಕ್ರೋಶಾ ಹಾಕುತ್ತ ಹೋಗುವಾಗ ಪ್ರತಿ ಸುತ್ತಿಗೂ ಒಂದಿಷ್ಟು ಕುಣಿಕೆ ಹೆಚ್ಚಿಸಬೇಕು. ಹೆಚ್ಚಿಸಿದ್ದು ಕಡಿಮೆಯಾದರೆ ಅದು ಬಾಗಿ ತಲೆಗೆ ಕೂರುತ್ತದೆ. ಹದವಾಗಿ ಹೆಚ್ಚಿಸಿದರೆ ಟೀಪಾಯಿಯ ಮೇಲೆ ಹಾಸುವ ಚಪ್ಪಟೆ ಮ್ಯಾಟ್. ಅತಿಯಾಯಿತೋ, ಅಂಚು ನೆರಿಗೆ ನೆರಿಗೆಯಾಗಿ ಏಳುತ್ತದೆ. ಹಾಕಿದವರೇ ಗೊಣಗಿಕೊಂಡು ಬಿಚ್ಚುತ್ತಾರೆ. ಬಿಚ್ಚಿ ಹಾಕುವ ಆ ಮೂರನೆಯದನ್ನೇ ಬೇಕೆಂದು ಹೆಣೆದು ವಿಶ್ವವಿದ್ಯಾಲಯದ ಗಣಿತ ತರಗತಿಗೆ ಒಯ್ದವರು ಡೈನಾ ಟೈಮಿನಾ.

ಟೈಮಿನಾ ಲಾಟ್ವಿಯಾ ದೇಶದ ರೀಗಾ ನಗರದವರು, ಹುಟ್ಟಿದ್ದು 1954ರಲ್ಲಿ. ಸೋವಿಯತ್ ಕಾಲದ ಬಾಲ್ಯ, ಅಲ್ಲಿಯದೇ ವಿಶ್ವವಿದ್ಯಾಲಯದಲ್ಲಿ ಗಣಿತದ ಪಾಠ, ಆಮೇಲೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಥಾಕಾ ಎಂಬ ಊರಿನ ಕಾರ್ನೆಲ್ ವಿಶ್ವವಿದ್ಯಾಲಯ. ಅಲ್ಲಿ ಜ್ಯಾಮಿತಿ ಕಲಿಸುತ್ತಿದ್ದವರು ಡೇವಿಡ್ ಹೆಂಡರ್ಸನ್. 1997ರಲ್ಲಿ ಜ್ಯಾಮಿತಿ ಬೋಧನೆಯ ಕಾರ್ಯಾಗಾರವೊಂದರಲ್ಲಿ ಹೆಂಡರ್ಸನ್ ಕೈಯಲ್ಲಿದ್ದ ಕಾಗದದ ಮಾದರಿಯನ್ನು ಟೈಮಿನಾ ನೋಡಿದರು. ಬಳೆಯಾಕಾರದ ಪಟ್ಟಿಗಳನ್ನು ಕತ್ತರಿಸಿ ಟೇಪಿನಿಂದ ಒಂದಕ್ಕೊಂದು ಅಂಟಿಸಿದ್ದು. ಅದನ್ನು ಮಾಡುವ ಬಗೆಯನ್ನು ಹೆಂಡರ್ಸನ್ 1978ರಲ್ಲಿ ಪ್ರಸಿದ್ಧ ಗಣಿತಜ್ಞ ವಿಲಿಯಂ ಥರ್ಸ್ಟನ್ ಅವರಿಂದ ಕಲಿತಿದ್ದರು. ಕಾಗದ ಹಳತಾಗಿ ಮುಟ್ಟಿದರೆ ಹರಿಯುವಂತಿತ್ತು. ವಿದ್ಯಾರ್ಥಿಗಳ ಕೈಗೆ ಕೊಡಲಾಗದ ಮಾದರಿ ಇದ್ದೇನು ಫಲ?

ಆ ಮಾದರಿ ಯಾವುದರದ್ದು ಎಂದು ಹೇಳದೆ ಮುಂದೆ ಹೋಗುವಂತಿಲ್ಲ. ಯೂಕ್ಲಿಡ್‌ನ ಐದನೇ ಆಧಾರ ಪ್ರತಿಜ್ಞೆಯನ್ನು ಒಂಬತ್ತನೇ ತರಗತಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದವರೇ. ಒಂದು ರೇಖೆ, ಅದರಾಚೆ ಒಂದು ಬಿಂದು. ಆ ಬಿಂದುವಿನ ಮೂಲಕ ಸಮಾಂತರ ರೇಖೆ ಒಂದೇ ಒಂದು ಎಂಬುದು ಅದರ ತಿರುಳು. ಸುಮಾರು ಎರಡು ಸಾವಿರ ವರ್ಷ ಅದನ್ನು ಉಳಿದವುಗಳಿಂದ ಸಾಧಿಸಲು ಹೆಣಗಿದರು. 1829ರ ಹೊತ್ತಿಗೆ ರಷ್ಯಾದ ಲೊಬಚೆವ್‌ಸ್ಕಿ, ಕೆಲವೇ ವರ್ಷದಲ್ಲಿ ಹಂಗೇರಿಯ ಬೋಯೈ, ಸಮಾಂತರ ರೇಖೆಗಳು ಒಂದಕ್ಕಿಂತ ಹೆಚ್ಚಿರುವ ಜ್ಯಾಮಿತಿಯನ್ನೇ ಕಟ್ಟಿ ತೋರಿಸಿದರು. ಅದು ನೆಲೆಸುವ ಜಾಗವೇ ಹೈಪರ್‌ಬಾಲಿಕ್ ಸಮತಲ. ತೊಂದರೆಯೆಂದರೆ, ಅದನ್ನು ಪೂರ್ತಿಯಾಗಿ, ನಯವಾದ ಮೇಲ್ಮೈಯಾಗಿ ನಮ್ಮ ಮೂರು ಆಯಾಮದ ಜಾಗದಲ್ಲಿ ಕೂರಿಸಲಾಗದು ಎಂದು ಗಣಿತಜ್ಞ ಹಿಲ್ಬರ್ಟ್ 1901ರಲ್ಲಿ ಸಾಧಿಸಿಬಿಟ್ಟರು. ಸಿಗುವುದು ಏನಿದ್ದರೂ ಒಂದು ತುಂಡು. ಹೀಗಾಗಿ ಪಠ್ಯಪುಸ್ತಕಗಳು ವೃತ್ತದೊಳಗಿನ ನಕಾಶೆಯೊಂದನ್ನು ಬರೆದು, ಅಂಚಿನಲ್ಲಿ ಚಿಕ್ಕದಾಗಿ ಕಾಣುವುದು ನಿಜಕ್ಕೂ ಚಿಕ್ಕದಲ್ಲ ಎಂದು ಸಮಜಾಯಿಷಿ ಕೊಡುತ್ತಿದ್ದವು.

ಟೈಮಿನಾ ಮೊದಲು ಸ್ವೆಟರ್ ಹೆಣೆಯುವ ಎರಡು ಕಡ್ಡಿ ಹಿಡಿದರು. ಸಾಲು ಬೆಳೆದಂತೆಲ್ಲ ಕುಣಿಕೆಗಳು ಕಡ್ಡಿಯ ಮೇಲೆ ಹಿಡಿಸದಾದವು. ಕ್ರೋಶಾದಲ್ಲಿ ಆ ಪೇಚಿಲ್ಲ. ಕೊಕ್ಕೆಯಲ್ಲಿ ಒಂದು ಕುಣಿಕೆ ಇದ್ದರೆ ಸಾಕು. ಸೂತ್ರ ಇಷ್ಟೇ: ಇಂತಿಷ್ಟು ಕುಣಿಕೆಗೆ ಒಂದರಂತೆ ಹೆಚ್ಚಿಸು, ಮೊದಲಿಂದ ಕೊನೆಯವರೆಗೆ ಆ ಪ್ರಮಾಣ ಬದಲಿಸಬೇಡ. ಹಿಗ್ಗದ ಸಿಂಥೆಟಿಕ್ ನೂಲು, ಬಿಗಿಯಾದ ಹೆಣಿಗೆ. ಇಪ್ಪತ್ತು ಕುಣಿಕೆಯಿಂದ ಆರಂಭಿಸಿ ಐದಕ್ಕೊಂದು ಹೆಚ್ಚಿಸಿದರೆ ಹತ್ತು ಸಾಲು ಏರುವಷ್ಟರಲ್ಲಿ ಸಾಲೊಂದಕ್ಕೆ ಸುಮಾರು 124 ಕುಣಿಕೆ, ಇಪ್ಪತ್ತು ಏರಿದಾಗ 767, ಮೂವತ್ತಕ್ಕೆ 4,700 ದಾಟುತ್ತದೆ. ಈ ಲೆಕ್ಕವನ್ನು ನಮ್ಮ ಅತ್ತೆಯ ಮುಂದಿಟ್ಟೆ. ಹತ್ತು ಸಾಲು ಹಾಕಿಕೊಟ್ಟು, "ಕೆಟ್ಟುಹೋದ ಕುಲಾವಿಗೆ ಕಾಲೇಜು ಪಾಠ ಬೇರೆ ಕೇಡು!" ಎಂದರು. ಹನ್ನೊಂದನೆಯ ಸಾಲಿಗೆ ಒಪ್ಪಲಿಲ್ಲ.

ಕೈಗೆ ಸಿಕ್ಕ ಮೇಲೆ ಅದರಲ್ಲಿ ಮಾಡಬಹುದಾದದ್ದೇ ಸೊಗಸು. ಮಡಿಸಿದರೆ ಮಡಿಕೆಯೇ ಸರಳರೇಖೆ. ಬೇರೆ ಬಣ್ಣದ ನೂಲಿನಿಂದ ಅದರ ಮೇಲೆ ಹೊಲಿಯಿರಿ. ರೇಖೆಯಾಚೆಯ ಒಂದೇ ಬಿಂದುವಿನ ಮೂಲಕ ಇನ್ನೆರಡು, ಮೂರು ಮಡಿಕೆ ಹಾಕಿ. ಎಲ್ಲವೂ ಮೊದಲ ರೇಖೆಯಿಂದ ದೂರ ಸರಿಯುತ್ತ ಹೋಗುವುದು ಕಣ್ಣಿಗೆ ಕಾಣುತ್ತದೆ. ತ್ರಿಕೋನ ಹೊಲಿದರೆ ಮೂರು ಕೋನಗಳ ಮೊತ್ತ 180 ಡಿಗ್ರಿ ಮುಟ್ಟುವುದೇ ಇಲ್ಲ, ತ್ರಿಕೋನ ದೊಡ್ಡದಾದಷ್ಟೂ ಇನ್ನಷ್ಟು ಕಡಿಮೆ. ಹೆಂಡರ್ಸನ್ ಮತ್ತು ಟೈಮಿನಾ ಇದನ್ನೆಲ್ಲ 2001ರಲ್ಲಿ ಒಂದು ಗಣಿತ ಪತ್ರಿಕೆಯಲ್ಲಿ ಬರೆದರು. ಅಷ್ಟರಲ್ಲಿ ಇಬ್ಬರೂ ಸಹಲೇಖಕರು, ಬಾಳಸಂಗಾತಿಗಳು.

ಹೆಂಡರ್ಸನ್ ಪಾಠದ ಬಗೆಯೂ ನೂಲಿಗೆ ಒಪ್ಪುವಂಥದ್ದು. ಪ್ರಮೇಯ, ಸಾಧನೆ, ಅಭ್ಯಾಸ ಎಂಬ ಕ್ರಮವಿಲ್ಲ. "ನೇರ ಎಂದರೇನು?" ಎಂಬಲ್ಲಿಂದ ಆರಂಭ. ಚೆಂಡಿನ ಮೇಲೆ ಹರಿಯುವ ಹುಳುವಿಗೆ ಯಾವ ದಾರಿ ನೇರ? ವಿದ್ಯಾರ್ಥಿ ತನಗೆ ತೋಚಿದ್ದನ್ನು ಬರೆದು ಕೊಡಬೇಕು, ಮೇಷ್ಟ್ರು ಅದರ ಮೇಲೆ ಪ್ರಶ್ನೆ ಬರೆದು ಹಿಂತಿರುಗಿಸುತ್ತಾರೆ, ಮತ್ತೆ ಬರೆಯಬೇಕು. ಶೃಂಗಾಭಿಮುಖ ಕೋನಗಳು ಸಮ ಎಂಬುದಕ್ಕೆ ನಾವೆಲ್ಲ 180ರಿಂದ ಕಳೆದು ತೋರಿಸಿದವರು. ಅವರ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು, ಛೇದಿಸುವ ಬಿಂದುವಿನ ಸುತ್ತ ಚಿತ್ರವನ್ನು ಅರ್ಧ ಸುತ್ತು ತಿರುಗಿಸಿದರೆ ಒಂದು ಕೋನ ಇನ್ನೊಂದರ ಮೇಲೆ ಕೂರುತ್ತದೆ, ಇನ್ನೇನು ಬೇಕು ಎಂದಳು. ಹೆಂಡರ್ಸನ್ ಮೊದಮೊದಲು ಒಪ್ಪದೆ, ಕಡೆಗೆ ಸೋತು, ಪುಸ್ತಕದಲ್ಲಿ ಅದನ್ನು ದಾಖಲಿಸಿದರು. ತನ್ನ ವಿದ್ಯಾರ್ಥಿಗಳಿಂದ ಗಣಿತ ಕಲಿಯುತ್ತೇನೆ ಎಂದು ಲೇಖನವನ್ನೇ ಬರೆದ ಪ್ರಾಧ್ಯಾಪಕರು ಎಷ್ಟು ಜನ ಸಿಕ್ಕಾರು?

ಖ್ಯಾತಿ ಬಂದದ್ದು ಮಾತ್ರ ನೂಲಿಗೆ. ಲಾಸ್ ಏಂಜಲೀಸ್‌ನ ವರ್ತೈಮ್ ಸೋದರಿಯರು 2005ರಲ್ಲಿ ಇದೇ ತಂತ್ರದಿಂದ ಹವಳದ ದಿಬ್ಬ ಹೆಣೆಯತೊಡಗಿದರು. ಅನೇಕ ದೇಶಗಳ ಹೆಂಗಸರು ಕೈಜೋಡಿಸಿದರು. ಹೈಪರ್‌ಬಾಲಿಕ್ ಕ್ರೋಶಾ ಬಗ್ಗೆ ಟೈಮಿನಾ ಬರೆದ 2009ರ ಪುಸ್ತಕಕ್ಕೆ ಮೊದಲು ಸಿಕ್ಕಿದ್ದು ವರ್ಷದ ಅತಿ ವಿಚಿತ್ರ ಶೀರ್ಷಿಕೆಗೆ ಬ್ರಿಟನ್ನಿನಲ್ಲಿ ಕೊಡುವ ಡಯಾಗ್ರಮ್ ಪ್ರಶಸ್ತಿ. ನಕ್ಕವರು ನಕ್ಕರು. 2012ರಲ್ಲಿ ಅದೇ ಪುಸ್ತಕಕ್ಕೆ ಅಮೆರಿಕದ ಗಣಿತ ಸಂಘದ ಆಯ್ಲರ್ ಪುಸ್ತಕ ಪ್ರಶಸ್ತಿ ಬಂತು.

ನಮ್ಮ ಬಿ.ಎಸ್‌ಸಿ. ತರಗತಿಗಳಲ್ಲಿ ಜ್ಯಾಮಿತಿ ಎಂದರೆ ಹೆಚ್ಚಾಗಿ ಗೋಳ, ಶಂಕುಗಳ ಸಮೀಕರಣ; ಕೈಗೆ ಕೆಲಸವಿಲ್ಲ. ಅದೇ ಊರಿನಲ್ಲಿ ಬಾಗಿಲ ತೋರಣ, ಟಿ.ವಿ. ಹೊದಿಕೆ ಹಾಕುವ ಹೆಂಗಸರು ಎಷ್ಟು ಸುತ್ತಿಗೆ ಎಷ್ಟು ಹೆಚ್ಚಿಸಬೇಕು ಎಂಬುದನ್ನು ದಿನವೂ ಲೆಕ್ಕ ಹಾಕುತ್ತಿರುತ್ತಾರೆ. ಆ ಮನೆಗಳ ಹುಡುಗಿಯರು ಗಣಿತ ಎಂ.ಎಸ್‌ಸಿ. ಓದುವಾಗ ಈ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಥರ್ಸ್ಟನ್ 2012ರಲ್ಲಿ ಹೋದರು, ಹೆಂಡರ್ಸನ್ 2018ರ ಡಿಸೆಂಬರಿನಲ್ಲಿ. ಹೆಂಡರ್ಸನ್ ಮತ್ತು ತಮ್ಮ ಹೆಸರಿನ ಪಠ್ಯಪುಸ್ತಕದ ನಾಲ್ಕನೇ ಆವೃತ್ತಿಯನ್ನು ಟೈಮಿನಾ 2020ರಲ್ಲಿ ಯಾರು ಬೇಕಾದರೂ ಉಚಿತವಾಗಿ ಓದುವಂತೆ ಹೊರತಂದರು. ಪ್ರಶ್ನೆಗಳೆಲ್ಲ ಅದರಲ್ಲಿವೆ. ಉತ್ತರ ಬರೆದು ಕೊಟ್ಟರೆ ಅಂಚಿನಲ್ಲಿ ಇನ್ನೊಂದು ಪ್ರಶ್ನೆ ಗೀಚಿ ಹಿಂತಿರುಗಿಸುವ ಮೇಷ್ಟ್ರು ಮಾತ್ರ ಇಲ್ಲ.