ಹಳೇ ಹಾಡಿನ ಪಿಯಾನೊ, ಆರ್ಗನ್ ನಾದ ಬೇಕಾ? ಕೀಬೋರ್ಡ್‌ಗೆ ದುಡ್ಡು ಹಾಕೋ ಮುಂಚೆ ಇಷ್ಟು ನೋಡಿ

ಗಣೇಶನ ಹಬ್ಬ ಬಂತು ಅಂದ್ರೆ ರಸಮಂಜರಿ ತಂಡಗಳಿಗೆ ಕೆಲಸ ಶುರು. ಅಲ್ಲಿಂದ ರಾಜ್ಯೋತ್ಸವ, ಆಮೇಲೆ ಜಾತ್ರೆಗಳು. ಈ ಸೀಸನ್‌ಗೆ ಮೊದಲೇ ತಾಲ್ಲೂಕಿನ ಎಷ್ಟೋ ಹುಡುಗರು ಸಾಲ ಮಾಡಿಯೋ, ಚಿನ್ನ ಅಡವಿಟ್ಟೋ ಹೊಸ ಕೀಬೋರ್ಡ್ ತರ್ತಾರೆ. ಬಾಡಿಗೆಗೆ ಕೊಡೋಣ ಅಂತ ಮೈಕ್‌ಸೆಟ್ ಅಂಗಡಿಯವರೂ ಕೊಳ್ತಾರೆ, ಚರ್ಚ್ ಗಾಯನ ತಂಡದವರೂ ಚಂದಾ ಎತ್ತಿ ಕೊಳ್ತಾರೆ. ಬಹಳ ಸಲ ಆಗೋದು ಏನಪ್ಪಾ ಅಂದ್ರೆ, ಬಾಕ್ಸ್ ಮೇಲೆ ‘800 ಟೋನ್’ ಅಂತ ದೊಡ್ಡದಾಗಿ ಬರೆದಿರೋದನ್ನ ನೋಡಿ ಮನೆಗೆ ತರೋದು, ಸ್ಟೇಜ್ ಮೇಲೆ 70ರ ದಶಕದ ಹಾಡು ನುಡಿಸಿದಾಗ ನಾದ ಮಾತ್ರ ಬರದೇ ಇರೋದು. ಕಂತು ಮಾತ್ರ ತಿಂಗಳು ತಿಂಗಳು ಬರುತ್ತೆ.

ಹಳೇ ಪಿಯಾನೊ, ಆರ್ಗನ್ ನಾದಕ್ಕೆ ಟೋನ್ ಎಷ್ಟಿದೆ ಅನ್ನೋ ಲೆಕ್ಕ ಕೆಲಸಕ್ಕೆ ಬರಲ್ಲ. ನುಡಿಸ್ತಾ ಇರುವಾಗಲೇ ಕೈಯಲ್ಲಿ ಹಿಡಿದು ನಾದ ಬದಲಾಯಿಸೋಕೆ ಎಷ್ಟು ಗುಂಡಿ, ಎಷ್ಟು ಸ್ಲೈಡರ್ ಇದೆ ಅನ್ನೋದೇ ಮುಖ್ಯ. ಯಾಕೆ ಅಂತ ತಿಳ್ಕೋಬೇಕಾದ್ರೆ ಮೂಲ ವಾದ್ಯಗಳು ಹೇಗಿದ್ವು ಅಂತ ಸ್ವಲ್ಪ ನೋಡಬೇಕು.

ಎರಡು ಪಿಯಾನೊ, ಎರಡು ಆರ್ಗನ್

ಈಗಿನ ಕೀಬೋರ್ಡ್‌ನಲ್ಲಿ ‘ಇ.ಪಿಯಾನೊ 1’, ‘ಇ.ಪಿಯಾನೊ 2’ ಅಂತ ಇರೋದು ಸಾಮಾನ್ಯವಾಗಿ ಎರಡು ಅಮೆರಿಕನ್ ವಾದ್ಯಗಳ ನಕಲು. ಒಂದು ರೋಡ್ಸ್. ಹೆರಾಲ್ಡ್ ರೋಡ್ಸ್ ಅನ್ನೋ ಪಿಯಾನೊ ಮೇಷ್ಟ್ರು ಎರಡನೇ ಮಹಾಯುದ್ಧದ ಟೈಮಲ್ಲಿ ಗಾಯಗೊಂಡ ಸೈನಿಕರು ಹಾಸಿಗೆಯಲ್ಲೇ ನುಡಿಸಲಿ ಅಂತ ವಿಮಾನದ ಅಲ್ಯೂಮಿನಿಯಂ ಕೊಳವೆ ಬಳಸಿ ಪುಟ್ಟ ಪಿಯಾನೊ ಮಾಡಿದ್ರು. ಅದೇ ಯೋಚನೆ ಮುಂದೆ ಬೆಳೆದು ರೋಡ್ಸ್ ಎಲೆಕ್ಟ್ರಿಕ್ ಪಿಯಾನೊ ಆಯ್ತು. ಇದರಲ್ಲಿ ತಂತಿ ಇಲ್ಲ. ಸುತ್ತಿಗೆ ಹೋಗಿ ತೆಳು ಲೋಹದ ಕಡ್ಡಿಗೆ ಬಡಿಯುತ್ತೆ, ಗಿಟಾರ್‌ನಲ್ಲಿರೋ ಥರದ ಪಿಕಪ್ ಆ ಕಂಪನವನ್ನ ಹಿಡಿಯುತ್ತೆ. ಮೆಲ್ಲಗೆ ಒತ್ತಿದ್ರೆ ಗಂಟೆ ಥರ ನಾದ, ಜೋರಾಗಿ ಬಡಿದ್ರೆ ಗೊಗ್ಗರು ಗೊಗ್ಗರಾಗಿ ಗುರ್ ಅನ್ನುತ್ತೆ.

ಇನ್ನೊಂದು ವುರ್ಲಿಟ್ಜರ್. ಇದರಲ್ಲಿ ಕಡ್ಡಿ ಬದಲು ಸ್ಟೀಲ್ ರೀಡ್. ಅದಕ್ಕೇ ಅದರ ದನಿ ಸ್ವಲ್ಪ ಮೂಗಿನಲ್ಲಿ ಮಾತಾಡಿದ ಹಾಗೆ ಇರುತ್ತೆ. ಹಾಡಿನ ನಡುವೆ ಎದ್ದು ಕಾಣುತ್ತೆ, ಗಿಟಾರ್ ಜೊತೆ ನುಡಿಸಿದ್ರೂ ಮುಚ್ಚಿ ಹೋಗಲ್ಲ.

ಆರ್ಗನ್‌ನಲ್ಲಿ ದೊಡ್ಡ ಹೆಸರು ಹ್ಯಾಮಂಡ್. ಲಾರೆನ್ಸ್ ಹ್ಯಾಮಂಡ್ ಕಂಪನಿ 1935ರಲ್ಲಿ ಮಾರುಕಟ್ಟೆಗೆ ತಂದಿದ್ದು. ಒಳಗೆ ಮೋಟಾರ್ ತಿರುಗುತ್ತೆ, ಅದರ ಜೊತೆ ಹಲ್ಲಿರೋ ಲೋಹದ ಚಕ್ರಗಳು ತಿರುಗುತ್ತವೆ. ಹೆಸರುವಾಸಿ ಬಿ-3 ಮಾದರಿಯಲ್ಲಿ ಇಂಥ 91 ಚಕ್ರ. ಪೆಡಲ್, ಬೆಂಚ್ ಎಲ್ಲಾ ಸೇರಿ ತೂಕ 180 ಕೆಜಿಗೂ ಮೇಲೆ, ನಮ್ಮ ಟಾಟಾ ಏಸ್‌ಗೆ ಹತ್ತಿಸೋಕೆ ನಾಲ್ಕು ಜನ ಬೇಕು. ಮೇಲ್ಗಡೆ ಎಳೆಯೋ ಕಡ್ಡಿಗಳಿರುತ್ತವೆ, ಅದೇ ಡ್ರಾಬಾರ್. ಒಂದು ಸೆಟ್‌ಗೆ 9. ಒಂದೊಂದು ಎಳೆದ ಹಾಗೆ ನಾದಕ್ಕೆ ಒಂದೊಂದು ಪದರ ಸೇರುತ್ತೆ, ಅಡುಗೆಗೆ ಮಸಾಲೆ ಹಾಕಿದ ಹಾಗೆ. ನುಡಿಸ್ತಾ ನುಡಿಸ್ತಾ ಇದನ್ನ ಬದಲಾಯಿಸ್ತಾ ಇರೋದೇ ಹ್ಯಾಮಂಡ್ ವಾದಕರ ಕೈಚಳಕ.

ಇದಕ್ಕೆ ಜೋಡಿ ಲೆಸ್ಲಿ ಸ್ಪೀಕರ್. ಪೆಟ್ಟಿಗೆ ಒಳಗೆ ಮೇಲೆ ಒಂದು ಕಹಳೆ, ಕೆಳಗೆ ಒಂದು ಡ್ರಮ್, ಎರಡೂ ತಿರುಗುತ್ತವೆ. ಬಸ್ಸು ಹಾರ್ನ್ ಹೊಡೀತಾ ನಮ್ಮನ್ನ ದಾಟಿ ಹೋಗುವಾಗ ಶಬ್ದದ ಶ್ರುತಿ ಬದಲಾಗುತ್ತಲ್ಲ, ಅದೇ ಕೆಲಸ ಇಲ್ಲಿ ಸೆಕೆಂಡಿಗೆ ಹಲವು ಸಲ ಆಗುತ್ತೆ. ನಿಧಾನ, ವೇಗ ಅಂತ ಎರಡು ಸ್ಪೀಡ್. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಬರೋ ಆ ಏರಿಕೆಯೇ ಕೇಳೋಕೆ ಮಜಾ.

ನಮ್ಮ ಸಿನಿಮಾ ಹಾಡುಗಳಿಗೆ ಹತ್ತಿರದ್ದು ಇನ್ನೊಂದು ಜಾತಿ, ಕಾಂಬೋ ಆರ್ಗನ್. ಚಕ್ರ ಇಲ್ಲ, ಟ್ರಾನ್ಸಿಸ್ಟರ್ ಮೇಲೆ ನಡೆಯೋದು, ಹೊತ್ತುಕೊಂಡು ಹೋಗಬಹುದು. ಬ್ರಿಟನ್ನಿನ ವಾಕ್ಸ್ ಕಾಂಟಿನೆಂಟಲ್ 1962ರಲ್ಲಿ ಬಂತು, ಇಟಲಿಯದ್ದು ಫರ್ಫೀಸಾ. ದನಿ ತೆಳು, ಚುರುಕು. ಇಳಯರಾಜಾ ಅವರು ತಾವೇ ಸಂಗೀತ ನಿರ್ದೇಶಕರಾಗೋ ಮುಂಚೆ ಕನ್ನಡದ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿದ್ರು, ಆ ದಿನಗಳಲ್ಲಿ ಸ್ಟುಡಿಯೋಗಳಲ್ಲಿ ಗಿಟಾರ್ ಜೊತೆ ಆರ್ಗನ್ ಕೂಡ ನುಡಿಸುತ್ತಿದ್ರು. ಹಳೇ ಕನ್ನಡ ಹಾಡುಗಳನ್ನ ಮೂಲದ ಹಾಗೇ ನುಡಿಸಬೇಕು ಅನ್ನೋರು ಹ್ಯಾಮಂಡ್ ಒಂದೇ ಹುಡುಕಿದ್ರೆ ಸಾಲದು, ಈ ತೆಳು ಆರ್ಗನ್ ಕೂಡ ಇದೆಯಾ ಅಂತ ನೋಡಬೇಕು.

ಅಂಗಡಿಯಲ್ಲೇ ಐದು ನಿಮಿಷದ ಪರೀಕ್ಷೆ

ಸೇಲ್ಸ್‌ಮನ್ ಡೆಮೊ ಹಾಡು ಹಾಕ್ತಾನೆ, ಅದನ್ನ ಕೇಳಿ ಮರುಳಾಗಬೇಡಿ. ನೀವೇ ಕೂತ್ಕೊಳ್ಳಿ. ಸ್ವಂತ ಹೆಡ್‌ಫೋನ್ ಒಯ್ದರೆ ಒಳ್ಳೇದು.

ರೋಡ್ಸ್ ಟೋನ್ ಹಾಕಿ ಒಂದೇ ಕೀಯನ್ನ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಹತ್ತು ಸಲ ಒತ್ತಿ. ಸದ್ದು ಮಾತ್ರ ಹೆಚ್ಚಾಯ್ತು, ನಾದದ ಬಣ್ಣ ಹಾಗೇ ಇದೆ ಅಂದ್ರೆ ಅದು ಹೆಸರಿಗೆ ಮಾತ್ರ ರೋಡ್ಸ್. ಗಂಟೆಯಿಂದ ಗುರ್ ಅನ್ನೋವರೆಗೆ ಹಂತ ಹಂತವಾಗಿ ಬದಲಾಗಬೇಕು.

ಆರ್ಗನ್‌ಗೆ ಡ್ರಾಬಾರ್ ಇದ್ರೆ ಎಡಗಡೆಯ ಮೊದಲ ಮೂರನ್ನ ಪೂರ್ತಿ ಎಳೆದು, ಉಳಿದ ಆರನ್ನ ಒಳಗೆ ತಳ್ಳಿ. ಇದು ಲೋಕದಲ್ಲೆಲ್ಲ ಬಳಸೋ ಹಳೇ ಸೆಟಿಂಗ್. ಒಂದು ಕಾರ್ಡ್ ಹಿಡಿದು ರೋಟರಿ ಬಟನ್ ನಿಧಾನದಿಂದ ವೇಗಕ್ಕೆ ಒತ್ತಿ. ಫ್ಯಾನ್ ಸ್ವಿಚ್ ಹಾಕಿದಾಗ ರೆಕ್ಕೆ ನಿಧಾನಕ್ಕೆ ವೇಗ ಪಡೆಯೋ ಹಾಗೆ ನಾದವೂ ಏರಬೇಕು, ಕೆಳಗಿನ ಡ್ರಮ್ ಮೇಲಿನ ಕಹಳೆಗಿಂತ ತಡವಾಗಿ ವೇಗ ಪಡೆಯಬೇಕು. ತಕ್ಷಣ ಟಕ್ ಅಂತ ಬದಲಾದ್ರೆ ಅದು ಬರೀ ನಡುಗಿಸೋ ಎಫೆಕ್ಟ್, ಲೆಸ್ಲಿ ಅಲ್ಲ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಆರ್ಗನ್‌ನಲ್ಲಿ ಜೋರಾಗಿ ಒತ್ತಿದ್ರೆ ಸದ್ದು ಹೆಚ್ಚಾಗಲ್ಲ. ಸದ್ದನ್ನ ಕಾಲಲ್ಲಿ, ಎಕ್ಸ್‌ಪ್ರೆಶನ್ ಪೆಡಲ್‌ನಿಂದ ಏರಿಳಿಸಬೇಕು. ಹಾಗಾಗಿ ಸಸ್ಟೇನ್ ಪೆಡಲ್ ಜ್ಯಾಕ್ ಒಂದೇ ಇರೋ ಕೀಬೋರ್ಡ್ ಆರ್ಗನ್ ನುಡಿಸೋರಿಗೆ ಅರ್ಧ ಕೀಬೋರ್ಡ್ ಅಷ್ಟೇ. ಹಿಂದೆ ತಿರುಗಿಸಿ ಎರಡನೇ ಜ್ಯಾಕ್ ಇದೆಯಾ ನೋಡಿ.

ಕೀ ಎಷ್ಟು ಬೇಕು? 61 ಸಾಕು. ಬಿ-3ರಲ್ಲಿ ಇದ್ದಿದ್ದೂ ಒಂದೊಂದು ಸಾಲಿಗೆ 61 ಕೀ, ವುರ್ಲಿಟ್ಜರ್‌ನಲ್ಲಿ 64, ಸ್ಟೇಜ್ ರೋಡ್ಸ್‌ನಲ್ಲಿ 73. 88 ತೂಕದ ಕೀ ಇರೋದು ಶಾಸ್ತ್ರೀಯ ಪಿಯಾನೊ ಕಲಿಯೋರಿಗೆ ಸರಿ. ಅದರ ಮೇಲೆ ಆರ್ಗನ್ ಥರ ಅಂಗೈ ಎಳೆದು ನುಡಿಸೋಕೆ ಆಗಲ್ಲ, ಬೈಕ್ ಹಿಂದೆ ಕಟ್ಟಿಕೊಂಡು ಹೋಗೋಕಂತೂ ಆಗೋದೇ ಇಲ್ಲ.

ಹಾಗಾದ್ರೆ ಯಾವುದು?

ಈ ಎರಡೂ ನಾದಕ್ಕೆ ಅಂತಲೇ ಮಾಡಿದ ವಾದ್ಯಗಳಲ್ಲಿ ಎಲ್ಲರ ಬಾಯಲ್ಲಿ ಇರೋದು ಸ್ವೀಡನ್ನಿನ ಕೆಂಪು ಬಣ್ಣದ ನಾರ್ಡ್ ಎಲೆಕ್ಟ್ರೊ. ಹೊಸದಕ್ಕೆ ಎರಡು ಲಕ್ಷ ದಾಟುತ್ತೆ. ತಾಲ್ಲೂಕು ಮಟ್ಟದ ಕಾರ್ಯಕ್ರಮದ ಆದಾಯಕ್ಕೆ ಅದು ಲೆಕ್ಕ ಕೂಡಲ್ಲ, ಬಿಟ್ಟುಬಿಡಿ.

ನನ್ನ ಅಭಿಪ್ರಾಯದಲ್ಲಿ ಹೊಸದು ಕೊಳ್ಳೋರು ಮೊದಲು ನೋಡಬೇಕಾದ್ದು ಯಮಹಾ ಸಿಕೆ61. 2023ರಲ್ಲಿ ಬಂದ ಮಾದರಿ. 9 ಡ್ರಾಬಾರ್ ಸ್ಲೈಡರ್, ರೋಟರಿ ಎಫೆಕ್ಟ್, ರೋಡ್ಸ್, ವುರ್ಲಿಟ್ಜರ್ ಥರದ ಪಿಯಾನೊಗಳು, ಜೊತೆಗೆ ಸ್ಟ್ರಿಂಗ್ಸ್, ಬ್ರಾಸ್ ಎಲ್ಲಾ ಇವೆ. ತೂಕ 5.6 ಕೆಜಿ. ಒಳಗೇ ಸ್ಪೀಕರ್ ಇರೋದ್ರಿಂದ ಮನೆಯಲ್ಲಿ ಅಭ್ಯಾಸಕ್ಕೆ ಆಂಪ್ ಬೇಡ. ಪೆನ್ ಸೈಜಿನ 8 ಸೆಲ್ ಹಾಕಿದ್ರೆ ಕರೆಂಟ್ ಹೋದ್ರೂ ನಡೆಯುತ್ತೆ. ಲೋಡ್‌ಶೆಡ್ಡಿಂಗ್ ಇರೋ ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ, ಜನರೇಟರ್ ಆನ್ ಮಾಡೋವರೆಗೆ ಹಾಡು ನಿಲ್ಲಲ್ಲ. ಬೆಲೆ ಲಕ್ಷದ ಆಸುಪಾಸು ಓಡಾಡುತ್ತೆ, ಎರಡು ಮೂರು ಕಡೆ ಫೋನ್ ಮಾಡಿ ವಿಚಾರಿಸಿ. ಇದರ ಅಣ್ಣ ವೈಸಿ61 ಆರ್ಗನ್‌ನಲ್ಲಿ ಇನ್ನೂ ಗಟ್ಟಿ, ಆದ್ರೆ ಬೆಲೆಯೂ ಗಟ್ಟಿ.

ರೋಲ್ಯಾಂಡ್ ವಿಆರ್-09 ಇದೇ ಜಾತಿಗೆ ಸೇರಿದ್ದು, 2013ರದ್ದು. 9 ಡ್ರಾಬಾರ್ ಸ್ಲೈಡರ್, 5.5 ಕೆಜಿ ತೂಕ, ಸೆಲ್ ಮೇಲೂ ನಡೆಯುತ್ತೆ. ಒಳಗೆ ಸ್ಪೀಕರ್ ಇಲ್ಲ. ಆರ್ಗನ್ ಚೆನ್ನಾಗಿದೆ, ಪಿಯಾನೊ ಪರವಾಗಿಲ್ಲ ಅನ್ನೋ ಮಟ್ಟ. ಒಳ್ಳೇ ಸ್ಥಿತಿಯ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಬಿಡಬೇಡಿ.

ಇನ್ನು ನಮ್ಮ ಕಡೆ ತಂಡಗಳಲ್ಲಿ ಈಗಾಗಲೇ ಇರೋ ರೋಲ್ಯಾಂಡ್ ಎಕ್ಸ್‌ಪಿಎಸ್-10, ಯಮಹಾದ ಭಾರತದ ಮಾದರಿ ಪಿಎಸ್‌ಆರ್-ಐ500 ಇವೆಲ್ಲ ಕೆಟ್ಟದ್ದು ಅಂತ ಅಲ್ಲ. ತಬಲಾ, ಶಹನಾಯ್, ರಿದಮ್ ಬೇಕು ಅಂದ್ರೆ ಸಿಕೆ61ಗಿಂತ ಇವೇ ವಾಸಿ. ಇದನ್ನ ಒತ್ತಿ ಹೇಳ್ತೀನಿ: ಒಬ್ಬರೇ ಕೂತು ರಿದಮ್ ಹಾಕಿಕೊಂಡು ಮದುವೆ ಮನೆಯಲ್ಲಿ ನುಡಿಸೋರು ಸಿಕೆ61 ತಂದ್ರೆ ಪಶ್ಚಾತ್ತಾಪ ಪಡ್ತಾರೆ. ಅದರಲ್ಲಿ ಆಟೋ ರಿದಮ್ ಸ್ಟೈಲ್ ಇಲ್ಲ. ಡ್ರಮ್ಸ್, ಬೇಸ್ ನುಡಿಸೋರು ಬೇರೆ ಇರೋ ತಂಡಕ್ಕೆ ಮಾತ್ರ ಸ್ಟೇಜ್ ಕೀಬೋರ್ಡ್.

ಇರೋದನ್ನ ಮಾರದೇ ನಾದ ಸೇರಿಸೋ ದಾರಿಯೂ ಇದೆ. ಯಮಹಾ ರಿಫೇಸ್ ಅನ್ನೋ ಪುಟ್ಟ ವಾದ್ಯಗಳು 2015ರಲ್ಲಿ ಬಂದವು. ರಿಫೇಸ್ ಸಿಪಿಯಲ್ಲಿ ಹಳೇ ಎಲೆಕ್ಟ್ರಿಕ್ ಪಿಯಾನೊಗಳು, ರಿಫೇಸ್ ವೈಸಿಯಲ್ಲಿ ಹ್ಯಾಮಂಡ್, ವಾಕ್ಸ್, ಫರ್ಫೀಸಾ ಥರದ ಆರ್ಗನ್‌ಗಳು. ಎರಡು ಕೆಜಿಯೂ ಇಲ್ಲ. ಕೀ ಮಾತ್ರ 37, ಅದೂ ಮಕ್ಕಳ ಬೆರಳಿನ ಸೈಜು. ಅದಕ್ಕೆ ತಲೆ ಕೆಡಿಸ್ಕೋಬೇಡಿ. ನಿಮ್ಮ ದೊಡ್ಡ ಕೀಬೋರ್ಡ್ ಹಿಂದೆ ‘ಮಿಡಿ ಔಟ್’ ಅನ್ನೋ ದುಂಡನೆ ಜ್ಯಾಕ್ ಇದ್ರೆ ಅಲ್ಲಿಂದ ರಿಫೇಸ್‌ಗೆ ಕೇಬಲ್ ಹಾಕಿ. ಕೀ ದೊಡ್ಡದರದ್ದು, ನಾದ ಚಿಕ್ಕದರದ್ದು. ಸಿಕೆ61ಗಿಂತ ಸಾಕಷ್ಟು ಕಡಿಮೆ ದುಡ್ಡಲ್ಲಿ ಕೆಲಸ ಆಗುತ್ತೆ. ಪಿಯಾನೊ, ಆರ್ಗನ್ ಎರಡೂ ಬೇಕು ಅಂತ ಎರಡೂ ರಿಫೇಸ್ ಕೊಳ್ಳೋ ಹಾಗಿದ್ರೆ ಮಾತ್ರ ಒಂದು ಸಲ ಸಿಕೆ61 ಬೆಲೆ ಜೊತೆ ಕೂಡಿ ಕಳೆದು ನೋಡಿ.

ಲ್ಯಾಪ್‌ಟಾಪ್ ಇರೋರಿಗೆ ಸೆಟ್‌ಬಿಫ್ರೀ ಅನ್ನೋ ಹ್ಯಾಮಂಡ್ ಸಾಫ್ಟ್‌ವೇರ್ ಉಚಿತವಾಗೇ ಸಿಗುತ್ತೆ. ಮನೆಯಲ್ಲಿ ಕಲಿಯೋಕೆ, ರೆಕಾರ್ಡಿಂಗ್‌ಗೆ ಬಹಳ ಚೆನ್ನ. ಸ್ಟೇಜ್ ಮೇಲೆ ಮಾತ್ರ, ಧೂಳು, ಬಿಸಿ, ನಡುವೆ ಬರೋ ಅಪ್‌ಡೇಟ್ ಎಲ್ಲಾ ನೆನೆಸ್ಕೊಂಡ್ರೆ ನಾನು ಸಲಹೆ ಕೊಡಲ್ಲ.

ಮೈಕ್‌ಸೆಟ್‌ಗೆ ಜೋಡಿಸುವಾಗ

ಹಳ್ಳಿ ಸ್ಟೇಜ್‌ಗಳಲ್ಲಿ ಬಹುತೇಕ ಸೌಂಡ್ ಮೊನೊ. ಕೀಬೋರ್ಡ್‌ನ ಬಲಗಡೆ ಔಟ್‌ಪುಟ್‌ಗೆ ಒಂದೇ ವೈರ್ ಹಾಕಿದ್ರೆ ಅರ್ಧ ನಾದ ಕಳೆದುಹೋಗುತ್ತೆ. ‘ಎಲ್/ಮೊನೊ’ ಅಂತ ಬರೆದಿರೋ ಜ್ಯಾಕ್‌ಗೇ ಹಾಕಬೇಕು, ಬಲಗಡೆಯದನ್ನ ಖಾಲಿ ಬಿಡಬೇಕು. ಮಿಕ್ಸರ್ ದೂರ ಇದ್ರೆ ನಡುವೆ ಒಂದು ಡಿಐ ಬಾಕ್ಸ್ ಇಡಿ, ಗುಂಯ್ ಅನ್ನೋ ಹಮ್ಮಿಂಗ್ ಬಹಳಷ್ಟು ನಿಲ್ಲುತ್ತೆ. ಬಾಡಿಗೆಗೆ ಕೊಡೋ ಅಂಗಡಿಯವರು ಒಂದೆರಡು ಡಿಐ ಬಾಕ್ಸ್ ಇಟ್ಕೊಂಡ್ರೆ ನಷ್ಟ ಇಲ್ಲ.

ಸಸ್ಟೇನ್ ಪೆಡಲ್ ಉಲ್ಟಾ ಕೆಲಸ ಮಾಡ್ತಿದೆ, ಕಾಲು ತೆಗೆದಾಗ ನಾದ ಎಳೀತಿದೆ ಅಂದ್ರೆ ಕೆಟ್ಟಿದೆ ಅಂತ ಎಸೀಬೇಡಿ. ಕೀಬೋರ್ಡ್ ಆಫ್ ಮಾಡಿ, ಪೆಡಲ್ ಚುಚ್ಚಿ, ಕಾಲಿಡದೇ ಆನ್ ಮಾಡಿ. ಹೆಚ್ಚಿನವು ಹೀಗೆ ಸರಿಹೋಗುತ್ತವೆ.

ಅಡಾಪ್ಟರ್ ವಿಷಯದಲ್ಲಿ ಮಾತ್ರ ಹುಷಾರು. ಯಮಹಾದ ಪಿಎ-150 ಅಡಾಪ್ಟರ್ 12 ವೋಲ್ಟ್, ಪಿನ್ ನಡುವೆ ಪ್ಲಸ್. ರೋಲ್ಯಾಂಡ್‌ನ ಬಹಳಷ್ಟು ಕೀಬೋರ್ಡ್‌ಗಳದ್ದು 9 ವೋಲ್ಟ್, ನಡುವೆ ಮೈನಸ್. ಪಿನ್ ನೋಡೋಕೆ ಒಂದೇ ಥರ ಇದ್ದು, ಕತ್ತಲಲ್ಲಿ ಅದಲು ಬದಲಾದ್ರೆ ಸರ್ಕ್ಯೂಟ್ ಸುಟ್ಟು ಹೋಗಬಹುದು. ಎರಡು ಕಂಪನಿ ಕೀಬೋರ್ಡ್ ಇರೋ ತಂಡದವರು ಇವತ್ತೇ ಅಡಾಪ್ಟರ್‌ಗಳಿಗೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ.

ಸೆಕೆಂಡ್‌ಹ್ಯಾಂಡ್‌ಗೆ ಬೆಂಗಳೂರಿನ ಬಳೇಪೇಟೆ ಕಡೆ ಹೋದ್ರೂ, ಫೋನ್‌ನಲ್ಲಿ ಫೋಟೋ ನೋಡಿ ಯಾರದ್ದೋ ಮನೆಗೆ ಹೋದ್ರೂ, ಪ್ರತಿ ಕೀಯನ್ನ ಮೆಲ್ಲಗೆ ಒಂದು ಸಲ, ಜೋರಾಗಿ ಒಂದು ಸಲ ಒತ್ತಿ ನೋಡಿ. ಒಂದು ಕೀ ಮಾತ್ರ ಕಿರುಚಿದ್ರೆ ಅಥವಾ ಮೌನ ಆದ್ರೆ ಕೆಳಗಿನ ರಬ್ಬರ್ ಕಾಂಟ್ಯಾಕ್ಟ್ ಸವೆದಿದೆ ಅಥವಾ ಧೂಳು ಕೂತಿದೆ, ಅದು ರಿಪೇರಿ ಆಗುತ್ತೆ, ಅಷ್ಟು ದುಡ್ಡು ಕಡಿಮೆ ಕೇಳಿ. ಡ್ರಾಬಾರ್ ಸ್ಲೈಡರ್ ಎಳೆದಾಗ ನಾದ ಹಾರಿ ಹಾರಿ ಬದಲಾದ್ರೆ ಅದು ಸ್ವಲ್ಪ ದೊಡ್ಡ ಕೆಲಸ. ಮೂಲ ಅಡಾಪ್ಟರ್, ಬಿಲ್ ಎರಡೂ ಕೇಳಿ ಪಡೆಯಿರಿ. ಬಿಲ್‌ನ ಸೀರಿಯಲ್ ನಂಬರ್ ಕೀಬೋರ್ಡ್ ಅಡಿಯ ಸ್ಟಿಕ್ಕರ್ ಜೊತೆ ತಾಳೆ ಆಗದಿದ್ರೆ ಅಡ್ವಾನ್ಸ್ ಕೊಡೋಕೆ ಹೋಗಬೇಡಿ.